ಇದ್ದದ್ದು ಒಂದೇ ಬೀಗದ ಕೈ

"ನಿಮಗೆ ಈ ಕೆಲಸದಲ್ಲಿ ತೃಪ್ತಿ ಇದೆಯಾ ಮೇಡಂ?" ಎಂದು ನಮ್ಮ ಹೊಸ ಸಾರ್ ಕೇಳಿದಾಗ ಅವರ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಸಿಬ್ಬಂದಿಯನ್ನೆಲ್ಲ ಒಬ್ಬೊಬ್ಬರನ್ನಾಗಿ ಆಫೀಸ್ ರೂಮಿಗೆ ಕರೆದು ಅವರು ಅದನ್ನೇ ಕೇಳುತ್ತಿದ್ದರು. ನಾನು "ತಿಂಡಿ ಆಯ್ತಾ ಸಾರ್?" ಎಂದೆ. ಆಗ ತಲೆ ಎತ್ತಿದರು. ಆಯಿತು ಎಂದರು. "ಹಾಗಾದ್ರೆ ಇದನ್ನ ಆಮೇಲೆ ಮಾತಾಡೋಣ, ಮೇಷ್ಟ್ರಿಗೆ ಮಾತ್ರೆ ಕೊಡೋ ಟೈಮ್ ಆಯ್ತು" ಎಂದು ಎದ್ದು ಬಂದೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಜೋರು. ನನ್ನ ಅತ್ತೆಯನ್ನು ಕೇಳಿದರೆ ಸ್ವಲ್ಪವಲ್ಲ ಅನ್ನುತ್ತಾರೆ.

ನಮ್ಮದು ಇಟ್ಟಮಡುವಿನ ಇಳಿಜಾರು ರಸ್ತೆಯೊಂದರಲ್ಲಿ ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡರೂ ಮನೆಗೆ ಹೋಗಲು ಇನ್ನೂ ಧೈರ್ಯ ಸಾಲದವರು, ಅಥವಾ ಮನೆಯವರಿಗೇ ಕರೆದುಕೊಳ್ಳಲು ಧೈರ್ಯ ಸಾಲದವರು ಅಲ್ಲಿ ಇರುತ್ತಾರೆ. ನಾನು ಅಲ್ಲಿ ಸೋಷಿಯಲ್ ವರ್ಕರ್. ಹೆಸರು ದೊಡ್ಡದು, ಕೆಲಸವೆಂದರೆ ಮಾತ್ರೆ ನುಂಗಿದರೋ ಇಲ್ಲವೋ ನೋಡುವುದು, ಮನೆಯವರ ಫೋನಿಗೆ ಉತ್ತರ ಕೊಡುವುದು, ಅಳುವವರ ಪಕ್ಕ ಸುಮ್ಮನೆ ಕೂರುವುದು. ಅರೆಕೆರೆಯಿಂದ ಎರಡು ಬಸ್ಸು ಬದಲಿಸಿ ದಿನಾ ಹೋಗುತ್ತಿದ್ದೆ.

ಆ ಮನೆಯನ್ನು ಶುರುಮಾಡಿದವರು ದೊಡ್ಡ ಮೇಡಂ. ಅಲ್ಲಿರುವವರನ್ನು ಯಾರಾದರೂ ರೋಗಿ ಎಂದರೆ ಅವರಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಗೇಟಿನ ಬೀಗದ ಕೈಯನ್ನು ದಿನಕ್ಕೊಬ್ಬರ ಕೈಗೆ ಸರದಿಯಂತೆ ಕೊಡುವ ಪದ್ಧತಿ ಅವರದೇ. ಬೆಳಗಿನ ತಿಂಡಿಯಾದ ಮೇಲೆ ಎಲ್ಲರೂ ಹಾಲ್‌ನಲ್ಲಿ ದುಂಡಗೆ ಕೂರಬೇಕು. ಇವತ್ತು ಹೇಗಿದ್ದೀನಿ ಅಂತ ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. ಕೊನೆಗೆ ನಿನ್ನೆಯವರು ಇವತ್ತಿನವರ ಕೈಗೆ ಬೀಗದ ಕೈ ಕೊಡಬೇಕು. ಅದು ಯಾರ ಹತ್ತಿರ ಇದೆಯೋ ಅವರೇ ಆ ದಿನ ಸೊಪ್ಪು, ಹಾಲು ತರುವುದು, ಬಂದವರಿಗೆ ಗೇಟು ತೆಗೆಯುವುದು. ಎಲ್ಲರೂ ಅಂದರೆ ಎಲ್ಲರೂ: ಮೇಡಂ, ನಾನು, ಅಡುಗೆ ಆಂಟಿ, ಮತ್ತು ಬೇರೆಯವರು ಹಾಕಿದ ಬೀಗದ ಒಳಗೆ ವರ್ಷಗಟ್ಟಲೆ ಕಳೆದು ಬಂದವರು.

ದೊಡ್ಡ ಮೇಡಂ ದೇವತೆಯಾಗಿದ್ದರು ಎಂದು ಬರೆದುಬಿಟ್ಟರೆ ಸುಲಭ. ಆದರೆ ಅವರ ಕಾಲದಲ್ಲಿ ನಮಗೆ ವಾರದ ರಜೆ ಅನ್ನುವುದೇ ಇರಲಿಲ್ಲ. "ಇದು ನಮ್ಮನೆ ಅಲ್ವೇನೇ? ಮನೆಗೆ ಯಾರಾದ್ರೂ ರಜಾ ಹಾಕ್ತಾರಾ?" ಎಂದು ತಲೆ ಸವರಿಯೇ ಕೆಲಸ ತೆಗೆಯುತ್ತಿದ್ದರು. ಮಗಳ ಸ್ಕೂಲ್ ಡೇಗೆ ಹೋಗಲಾಗದೆ ನಾನು ಇಟ್ಟಮಡುವಿನಲ್ಲಿ ಯಾರದ್ದೋ ಜಗಳ ಬಿಡಿಸುತ್ತಿದ್ದೆ. ಪ್ರೀತಿಯಿಂದ ಕೇಳುವವರಿಗೆ ಇಲ್ಲ ಅನ್ನುವುದು ಬಹಳ ಕಷ್ಟ. ಒಳ್ಳೊಳ್ಳೆಯ ನರ್ಸ್‌ಗಳು ಹೇಳದೇ ಕೇಳದೇ ಬಿಟ್ಟು ಹೋದರು.

ಮೇಡಂ ಮಂಡಿ ಆಪರೇಷನ್ ಮಾಡಿಸಿಕೊಂಡು ತಂಗಿಯ ಮನೆ ಸೇರಿದ ಮೇಲೆ ಟ್ರಸ್ಟ್‌ನವರು ಹೊಸ ಸಾರ್‌ನ ಕಳಿಸಿದರು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ. ಮೊದಲ ವಾರವೇ ನಮಗೆಲ್ಲ ಭಾನುವಾರ ಇಲ್ಲವೇ ಬುಧವಾರ ರಜೆ ಬಂತು, ಕತ್ತಿಗೆ ಐಡಿ ಕಾರ್ಡು ಬಂತು. ಅಡುಗೆಮನೆಯ ಚಾಕು, ಸುತ್ತಿಗೆ, ಕುಟ್ಟಾಣಿ, ಚೂಪಾದದ್ದು ಭಾರವಾದದ್ದೆಲ್ಲ ಗೋಣಿಚೀಲ ಸೇರಿ ಟ್ರಸ್ಟ್ ಆಫೀಸಿಗೆ ಹೋಯಿತು. ಗೇಟಿಗೆ ಸದಾ ಬೀಗ ಇರಬೇಕು ಎಂದರು. ಯಾರಾದರೂ ಹೇಳದೆ ಅರ್ಧ ಗಂಟೆ ಕಾಣದಿದ್ದರೆ ಕೂಡಲೇ ಮನೆಯವರಿಗೆ ಫೋನ್ ಹೋಗಬೇಕು ಎಂದರು. ಬೆಳಿಗ್ಗೆ ದುಂಡಗೆ ಕೂತಾಗ ಅವರ ಸರದಿ ಬಂದರೆ "ನಾನು ಚೆನ್ನಾಗಿದ್ದೀನಿ, ನೆಕ್ಸ್ಟ್" ಅಷ್ಟೇ. ಬೀಗದ ಕೈಯನ್ನು ಒಂದು ದಿನವೂ ಮುಟ್ಟಲಿಲ್ಲ. ನನ್ನ ಮೊದಲ ಭಾನುವಾರ ನಾನು ಮಧ್ಯಾಹ್ನದವರೆಗೆ ಮಲಗಿದ್ದೆ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಸೋಮವಾರ ಬಂದು ಅವರ ಮುಖ ನೋಡಿದೊಡನೆ ಮತ್ತೆ ಮೈ ಉರಿಯಿತು. ಬೇರೆ ಕಡೆ ಕೆಲಸಕ್ಕೆ ಹೇಳಿಟ್ಟಿದ್ದೆ.

ಈಗ ಬೇಗೂರಿನ ಅಕ್ಕನ ವಿಷಯ. ಐವತ್ತರ ಆಸುಪಾಸಿನ ಹೆಂಗಸು. ಬೇಗೂರಿನ ಹಳೇ ಮನೆತನ. ಹೊಲವಿದ್ದ ಕಡೆ ಈಗ ತಮ್ಮನ ಬಾಡಿಗೆ ಮನೆಗಳಿವೆ. ಕಿವಿಯಲ್ಲಿ ಯಾರೋ ಮಾತಾಡುವ ಕಾಯಿಲೆ ಅವರಿಗೆ ಚಿಕ್ಕಂದಿನಲ್ಲೇ ಶುರುವಾಗಿತ್ತು. ಊರಾಚೆಯ ಒಂದು ಕಡೆ ಅವರನ್ನು ಬಹಳ ವರ್ಷ ಇಟ್ಟಿದ್ದರು. ಅಲ್ಲಿ ರೂಮಿಗೇ ಬೀಗ, ಊಟ ಕಿಟಕಿಯಿಂದ. ನಮ್ಮಲ್ಲಿಗೆ ಬಂದ ಮೇಲೆ ಮಾತ್ರೆ ಹಿಡಿಯಿತು, ಮೈ ತುಂಬಿತು. ಮೊದಲ ಸಲ ಬೀಗದ ಕೈ ಸಿಕ್ಕಿದ ದಿನ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಊಟ ಮಾಡುವಾಗಲೂ ಗಂಟನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದರು. ಆದರೆ ತಮ್ಮ ಸೇರಿಸುವಾಗಲೇ ನನಗೆ ಹೇಳಿದ್ದ: "ಮೇಡಂ, ಒಂದೇ ಒಂದು ಸಲ ನಮ್ಮಕ್ಕ ಕಾಣೆಯಾದಳು ಅಂತ ಫೋನ್ ಬಂದ್ರೂ ಸಾಕು, ವಾಪಸ್ ಅಲ್ಲಿಗೇ ಬಿಡ್ತೀನಿ. ನನಗೆ ಹುಡುಕ್ಕೊಂಡು ಅಲೆಯೋ ಶಕ್ತಿ ಇಲ್ಲ." ಅವನು ಕೆಟ್ಟವನಲ್ಲ. ಹಿಂದೆ ಎಷ್ಟೋ ಸಲ ಕೆರೆ ಏರಿ, ಬಸ್ ಸ್ಟ್ಯಾಂಡು, ಪೊಲೀಸ್ ಸ್ಟೇಷನ್ ಅಲೆದು ಸುಸ್ತಾದವನು. ಅವರಿಷ್ಟಕ್ಕೆ ವಿರುದ್ಧವಾಗಿ ಹಾಗೆ ಎತ್ತಿ ಹಾಕುವಂತಿಲ್ಲ ಎಂದು ಕಾನೂನು ಹೇಳುತ್ತದೆ, ತರಬೇತಿಯಲ್ಲಿ ನಾನೂ ಕಲಿತಿದ್ದೇನೆ. ಮನೆಯವರ ಕಾರು ಗೇಟಿನ ಮುಂದೆ ನಿಂತಾಗ ಆ ಪಾಠ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನೂ ನೋಡಿದ್ದೇನೆ.

ಒಂದು ಶುಕ್ರವಾರ ಬೆಳಿಗ್ಗೆ ದುಂಡಗೆ ಕೂತಿದ್ದಾಗ ಸಾರ್ ಹೇಳಿದರು, "ಸೋಮವಾರದಿಂದ ಬೀಗದ ಕೈ ಆಫೀಸಲ್ಲೇ ಇರುತ್ತೆ. ಸರದಿ ಇರಲ್ಲ."

ಆ ದಿನ ಬೇಗೂರಿನ ಅಕ್ಕನ ಸರದಿ. ಬೀಗದ ಕೈ ಆಗಷ್ಟೇ ಅವರ ಕೈಗೆ ಬಂದಿತ್ತು. "ಯಾಕೆ ಸಾರ್?" ಎಂದು ಕೇಳಿದವರು ಅವರೊಬ್ಬರೇ.

"ಇರೋದು ಒಂದೇ ಕೀ ಅಮ್ಮ. ಮಿಕ್ಕಿದ್ದೆಲ್ಲ ಯಾವಾಗಲೋ ಕಳೆದುಹೋಗಿದೆಯಂತೆ. ಅದನ್ನ ಯಾರಾದ್ರೂ ತಗೊಂಡು ಹೋಗ್ಬಿಟ್ರೆ ಒಳಗಿರೋರ ಗತಿ ಏನು? ಬೆಂಕಿ ಬಿದ್ರೆ?"

ಅಕ್ಕ ತಲೆ ಆಡಿಸಿದರು. ಸರಿಯಾದ ಮಾತೇ. ನನಗೆ ಸಿಟ್ಟು ಬಂದದ್ದು ಮಾತಿಗಲ್ಲ, ನಮ್ಮನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡಿ ತಂದದ್ದಕ್ಕೆ. ಆಫೀಸ್ ರೂಮಿಗೆ ಹೋಗಿ ಅದನ್ನೇ ಹೇಳಿದೆ. "ಮೇಡಂ, ಇದು ಚರ್ಚೆ ಮಾಡೋ ವಿಷಯ ಅಲ್ಲ, ಸೇಫ್ಟಿ ವಿಷಯ" ಎಂದರು. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ.

ಮಾರನೆಯ ದಿನ ನಾನು ಬಂದಾಗ ಗೇಟು ತೆಗೆದವರು ಅಕ್ಕನೇ. ಹೊಸ ಸರದಿಯವರಿಗೆ ಕೊಡುವವರೆಗೂ ಬೀಗದ ಕೈ ಅವರದೇ. ತಲೆಗೆ ಎಣ್ಣೆ ಹಚ್ಚಿ, ಹಣೆ ತುಂಬ ಕುಂಕುಮ ಇಟ್ಟು, ಹೊರಗೆ ಹೋಗುವ ಸೀರೆ ಉಟ್ಟಿದ್ದರು. ಶನಿವಾರ ಅಲ್ವಾ, ದೇವಸ್ಥಾನವಿರಬಹುದು ಅಂದುಕೊಂಡೆ. ತಿಂಡಿ ತಟ್ಟೆಗಳನ್ನು ತೊಳೆಯಲು ಹಾಕಿ ಎಲ್ಲರೂ ಹಾಲ್‌ಗೆ ಬಂದಾಗ ಒಂದು ಜಾಗ ಖಾಲಿ ಇತ್ತು.

ಮಹಡಿ ನೋಡಿದೆ, ಬಚ್ಚಲು ನೋಡಿದೆ, ಟೆರೇಸ್ ನೋಡಿದೆ. ಅಕ್ಕನ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದಂತೆಯೇ ಇತ್ತು. ಅಡುಗೆ ಆಂಟಿ, "ಸೊಪ್ಪು ತರೋಕೆ ಹೋಗಿರ್ಬೇಕು, ಆಗಲೇ ಹೊತ್ತಾಯ್ತು" ಎಂದರು. ಗೇಟಿಗೆ ಹೋದೆ. ಸರಪಳಿ ಸುತ್ತಿ, ಬೀಗ ಹಾಕಿ, ಒಂದು ಸಲ ಎಳೆದು ನೋಡಿ ಹೋದಂತೆ ಭದ್ರವಾಗಿತ್ತು. ಬೀಗದ ಕೈ ಇಲ್ಲ. ನಾವು ಒಳಗೆ, ಅಕ್ಕ ಹೊರಗೆ.

ಸಾರ್ ನನ್ನ ಹಿಂದೆಯೇ ಬಂದು ನಿಂತಿದ್ದರು. ನಾನು ಹೇಳಿದ್ದು ಇದನ್ನೇ ಅಲ್ವಾ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. "ಸುತ್ತಿಗೆ ಇದ್ರೆ ಕೊಡಿ" ಎಂದರು. ಅಡುಗೆ ಆಂಟಿ ಬಾಗಿಲಲ್ಲಿ ನಿಂತು, "ನೀವೇ ಕಳಿಸಿಬಿಟ್ರಲ್ಲ ಸಾರ್" ಎಂದರು. ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಇಡೀ ಆಯುಷ್ಯ ಪಾಠ ಹೇಳಿದ ಮುದುಕರು. ರಿಟೈರ್ ಆಗಿದ್ದನ್ನು ಅವರ ಮನಸ್ಸು ಇನ್ನೂ ಒಪ್ಪಿಲ್ಲ. ಗೇಟು ತೆರೆದಿದ್ದರೆ ಸಾಕು, ಬೆಲ್ ಹೊಡೆಯಿತು ಎಂದು ಹೊರಟುಬಿಡುತ್ತಾರೆ. ಎಲ್ಲರೂ ಗೇಟಿನ ಬಳಿ ನಿಂತದ್ದನ್ನು ಕಂಡು ಅವರಿಗೆ ಗಾಬರಿಯಾಯಿತು. "ಬಿಡ್ರಯ್ಯಾ, ಪ್ರೇಯರ್ ಶುರುವಾಗುತ್ತೆ" ಎಂದು ಗೇಟಿನ ಸರಳಿನ ಮೇಲೆ ಕಾಲಿಟ್ಟು ಹತ್ತತೊಡಗಿದರು. ಮೇಲ್ತುದಿಯಲ್ಲಿ ಈಟಿಯಂಥ ಮೊನೆಗಳಿವೆ. ನಾನು ಅವರ ಸೊಂಟ ಹಿಡಿದುಕೊಂಡೆ. "ಇವತ್ತು ರಜಾ ಮೇಷ್ಟ್ರೇ, ನೋಡಿ ಯಾವ ಮಕ್ಕಳೂ ರಸ್ತೆಯಲ್ಲಿಲ್ಲ" ಎಂದು ಹೇಗೋ ಇಳಿಸಿ ಜಗುಲಿಯ ಮೇಲೆ ಕೂರಿಸಿದೆ.

ಅರ್ಧ ಗಂಟೆ ಆಗಿಹೋಗಿತ್ತು. "ಅವರ ತಮ್ಮನಿಗೆ ಫೋನ್ ಮಾಡಿ ಮೇಡಂ" ಎಂದರು ಸಾರ್.

"ಇನ್ನೊಂದು ಗಂಟೆ ಕಾಯೋಣ ಸಾರ್. ಫೋನ್ ಮಾಡಿದ್ರೆ ಅವರು ಬಂದು ಕರ್ಕೊಂಡು ಹೋಗ್ತಾರೆ. ವಾಪಸ್ ಆ ರೂಮಿಗೇ ಹಾಕ್ತಾರೆ. ನಿಮಗೂ ಗೊತ್ತು."

"ಏನಾದ್ರೂ ಆಗಿದ್ರೆ?"

"ಆಗಿರಲ್ಲ. ಓಡಿಹೋಗೋರು ಗೇಟಿಗೆ ಬೀಗ ಹಾಕಿ, ಎಳೆದು ನೋಡಿ ಹೋಗ್ತಾರಾ? ಮೇಷ್ಟ್ರು ಹೊರಗೆ ಹೋಗಬಾರದು ಅಂತ ಹಾಕಿದ್ದಾರೆ. ನಿಮ್ಮ ರೂಲ್ಸೇ ಪಾಲಿಸಿದ್ದಾರೆ."

"ಫೋನ್ ಮಾಡಿ ಮೇಡಂ."

"ನಾನು ಮಾಡಲ್ಲ. ಕೆಲಸದಿಂದ ತೆಗೀತೀರಾ, ತೆಗೀರಿ. ಉತ್ತರ ನಾನು ಕೊಡ್ತೀನಿ."

ಸಾರ್ ಗೇಟಿಗೆ ಒರಗಿದರು. ಅವರ ಹಣೆಯ ಮೇಲೆ ಬೆವರು ಮೂಡಿತ್ತು. "ನೀವು ಕೊಡೋಕಾಗಲ್ಲ ಮೇಡಂ," ಎಂದರು ಮೆಲ್ಲಗೆ. "ಹಿಂದೆ ನಾನಿದ್ದ ಕಡೆ ಒಬ್ಬ ಹುಡುಗ ಹೀಗೇ ಹೋದ. ಬರ್ತಾನೆ ಅಂತ ಸಂಜೆವರೆಗೂ ಕಾದೆ. ಮೂರು ದಿನದ ಮೇಲೆ ಕೆರೆಯಲ್ಲಿ ಸಿಕ್ಕಿದ. ಗುರುತು ಹಿಡಿಯೋಕೆ ಅವರಪ್ಪನ ಜೊತೆ ಹೋದವನು ನಾನು. ದಾರಿಯುದ್ದಕ್ಕೂ ಅವರಪ್ಪ ನನ್ನ ಕೈ ಹಿಡ್ಕೊಂಡಿದ್ರು."

ಬಂದು ಇಷ್ಟು ತಿಂಗಳಾಗಿತ್ತು, ದಿನಾ ಬೆಳಿಗ್ಗೆ ಆ ಮನುಷ್ಯ ಚೆನ್ನಾಗಿದ್ದೀನಿ ಎಂದು ಹೇಳುತ್ತಿದ್ದರು, ನಾವು ಕೇಳಿಸಿಕೊಂಡು ಮುಂದಿನವರ ಕಡೆ ತಿರುಗುತ್ತಿದ್ದೆವು. ಪಾಪ ಅನ್ನಿಸಿತು. ಅದರ ಹಿಂದೆಯೇ, ಇಲ್ಲ, ಇವರ ಭಯಕ್ಕೆ ಅಕ್ಕ ಯಾಕೆ ಬೆಲೆ ತೆರಬೇಕು ಎಂದೂ ಅನ್ನಿಸಿತು. ಅದನ್ನು ಹೇಳುವಷ್ಟರಲ್ಲಿ ಅವರು ತಮ್ಮ ಮೊಬೈಲಿನಿಂದಲೇ ನಂಬರ್ ಒತ್ತಿದ್ದರು. ಆ ಕಡೆಯ ದನಿ ನನಗೂ ಕೇಳಿಸಿತು. "ಬರ್ತಾ ಇದ್ದೀನಿ. ಸಿಕ್ಕಿದ್ರೆ ಬಟ್ಟೆ ಬರೆ ಕಟ್ಟಿಡಿ."

ಇನ್ನು ಅಕ್ಕ ಬಂದರೂ ಹೋಗಬೇಕು, ಬಾರದಿದ್ದರೆ ಅದರ ಮಾತೇ ಬೇಡ. ನಾನು ಜಗುಲಿಯ ಮೇಲೆ ಮೇಷ್ಟ್ರ ಪಕ್ಕ ಕೂತೆ. ರಸ್ತೆಯ ಆ ತುದಿಯಿಂದ ಒಂದೊಂದು ಸೀರೆ ಕಂಡಾಗಲೂ ಎದ್ದು ನಿಲ್ಲುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ಸಾರ್ ಗೇಟು ಬಿಟ್ಟು ಕದಲಲಿಲ್ಲ. ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ ಎಂದು ಹರಕೆ ಹೊತ್ತುಕೊಂಡೆ. ದೇವರ ವಿಷಯದಲ್ಲಿ ನನ್ನದು ಅಷ್ಟಕ್ಕಷ್ಟೇ, ಆದರೂ ಹೊತ್ತುಕೊಂಡೆ.

ಅಕ್ಕ ಬಂದರು. ಏರು ರಸ್ತೆಯನ್ನು ಏದುಸಿರು ಬಿಡುತ್ತ, ಒಂದು ಕೈಯಲ್ಲಿ ದಂಟಿನ ಸೊಪ್ಪಿನ ಕಟ್ಟು ಹಿಡಿದು ಬಂದರು. ಗೇಟಿನ ಆ ಕಡೆ ನಿಂತು ಸೆರಗಿನ ಗಂಟು ಬಿಚ್ಚಿದರು. "ಅಕ್ಕಾ, ಎಲ್ಲಿ ಹೋಗಿದ್ರಿ?" ಎಂದೆ.

"ಇರಿ ಮೇಡಂ, ಮೊದಲು ಇದು ಆಗುತ್ತಾ ನೋಡೋಣ" ಎಂದರು. ಅವರ ಕೈಯಲ್ಲಿ ಎರಡು ಬೀಗದ ಕೈಗಳಿದ್ದವು. ಒಂದು ನಮ್ಮದೇ ಹಳೇದು, ಕಪ್ಪಗಾದದ್ದು. ಇನ್ನೊಂದು ಹೊಚ್ಚ ಹೊಸದು, ಅರದಿಂದ ಉಜ್ಜಿದ ಪುಡಿ ಅದರ ಹಲ್ಲಿನಲ್ಲಿ ಇನ್ನೂ ಹೊಳೆಯುತ್ತಿತ್ತು. ಹೊಸದನ್ನು ಬೀಗಕ್ಕೆ ಹಾಕಿ ತಿರುಗಿಸಿದರು. ಮೊದಲು ಬಿಗಿಯಿತು, ಆಮೇಲೆ ತೆರೆಯಿತು. ಒಳಗೆ ಬಂದರು, ಗೇಟು ಮುಚ್ಚಿದರು, ಮರೆಯದೆ ಬೀಗ ಹಾಕಿದರು. ಆಮೇಲೆ ಹೊಸದನ್ನು ಸಾರ್ ಕೈಯಲ್ಲಿಟ್ಟರು.

"ಬನಶಂಕರಿ ಬಸ್ ಸ್ಟ್ಯಾಂಡ್ ಹತ್ರ ಫುಟ್‌ಪಾತಲ್ಲಿ ಕೂರ್ತಾನಲ್ಲ ಸಾರ್, ಅವನ ಹತ್ರ ಮಾಡಿಸ್ದೆ. ಅವನು ಬಂದಿದ್ದೇ ಲೇಟು. ಈಗ ಎರಡಾಯ್ತು. ನಾವು ಯಾರಾದ್ರೂ ಒಂದು ತಗೊಂಡು ಹೋದ್ರೂ ಒಳಗಿರೋರಿಗೆ ಭಯ ಇಲ್ಲ. ಇನ್ನು ಸರದಿ ನಿಲ್ಲಿಸೋದು ಬೇಡ ಅಲ್ವಾ?"

ಇದ್ದ ಒಂದೇ ಬೀಗದ ಕೈಯನ್ನು ತೆಗೆದುಕೊಂಡು, ನಮ್ಮನ್ನೆಲ್ಲ ಒಳಗೆ ಕೂಡಿಹಾಕಿ, ಯಾರೂ ಒಳಗೆ ಸಿಕ್ಕಿಹಾಕಿಕೊಳ್ಳಬಾರದೆಂದು ಎರಡನೆಯದನ್ನು ಮಾಡಿಸಲು ಅಕ್ಕ ಹೋಗಿದ್ದರು. ಅಡುಗೆ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ನಗುವೋ ಅಳುವೋ ಗೊತ್ತಾಗಲಿಲ್ಲ.

ಸಾರ್ ಆ ಬೀಗದ ಕೈಯನ್ನೇ ನೋಡುತ್ತ ನಿಂತಿದ್ದರು. ಫೋನ್ ಮಾಡಿದ ವಿಷಯ ಹೇಳುವುದನ್ನು ಅವರು ಹೇಗಾದರೂ ಮಾಡಿ ನನ್ನ ತಲೆಗೆ ಕಟ್ಟುತ್ತಾರೆ, ನೀವೇ ಹೇಳಿ ಎನ್ನುತ್ತಾರೆ ಎಂದು ಕಾದೆ. ಅವರು ಜಗುಲಿಯ ಮೆಟ್ಟಿಲ ಮೇಲೆ ಕೂತರು, ಅಕ್ಕನನ್ನೂ ಕೂರಿಸಿಕೊಂಡರು. "ಅಮ್ಮಾ, ನಾನು ನಿಮ್ಮ ತಮ್ಮನಿಗೆ ಫೋನ್ ಮಾಡಿಬಿಟ್ಟೆ. ನೀವು ಕಾಣ್ತಿಲ್ಲ ಅಂತ ಹೇಳಿದೆ. ಮೇಡಂ ಬೇಡ ಅಂದ್ರು. ನನಗೆ ಹೆದರಿಕೆ ಆಯ್ತು, ಮಾಡಿಬಿಟ್ಟೆ. ಅವರು ಬರ್ತಾ ಇದ್ದಾರೆ."

ಅಕ್ಕ ಸೊಪ್ಪಿನ ಕಟ್ಟನ್ನು ಮಡಿಲಿಗೆ ಎಳೆದುಕೊಂಡರು. "ಹೇಳಿ ಹೋಗಬೇಕಿತ್ತು" ಎಂದರು. "ಹೇಳಿದ್ರೆ ಬೇಡ ಅಂತೀರಲ್ಲ ಅಂತ ಹೇಳಲಿಲ್ಲ."

"ಹೌದು. ಬೇಡ ಅಂತಿದ್ದೆ" ಎಂದರು ಸಾರ್. ಆಮೇಲೆ ನನ್ನ ಕಡೆ ತಿರುಗಿ, "ಏನು ಮಾಡೋಣ ಮೇಡಂ?" ಎಂದು ಕೇಳಿದರು. ಅವರು ಬಂದ ದಿನದಿಂದ ಆ ಪ್ರಶ್ನೆಯನ್ನು ನನಗೆ ಕೇಳಿದ್ದು ಅದೇ ಮೊದಲು. "ಅಕ್ಕನನ್ನೇ ಕೇಳಿ" ಎಂದೆ.

ಕೇಳಲು ಸಮಯ ಸಿಗಲಿಲ್ಲ. ಕಾರು ಬಂದು ಗೇಟಿಗೆ ಮೂಗು ತಾಗಿಸಿ ನಿಂತಿತು. ತಮ್ಮ ಇಳಿದ. ಅಕ್ಕ ಜಗುಲಿಯಲ್ಲಿ ಕೂತದ್ದು ಕಂಡು ಒಂದು ಕ್ಷಣ ಅವನ ಭುಜ ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ಸಿಕ್ಕಿದ್ಲಲ್ಲ, ಸರಿ. ಬ್ಯಾಗ್ ತಗೊಂಡು ಬಾ ಅಕ್ಕ. ಸಾರ್, ಗೇಟ್ ತೆಗೀರಿ."

ಸಾರ್ ಎದ್ದು ಗೇಟಿನ ಹತ್ತಿರ ಹೋದರು. "ಅವರು ಎಲ್ಲೂ ಓಡಿಹೋಗಿರಲಿಲ್ಲ. ಈ ಮನೆ ಕೆಲಸಕ್ಕೇ ಹೋಗಿದ್ರು. ನಿಮಗೆ ಫೋನ್ ಮಾಡಿದ್ದು ನನ್ನ ಆತುರ. ನನ್ನದೇ ತಪ್ಪು."

"ಅದೆಲ್ಲ ಬೇಡ ಸಾರ್. ಮೊದಲೇ ಮಾತಾಗಿದೆ. ಗೇಟ್ ತೆಗೀರಿ."

ಸಾರ್‌ನ ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಹೊಸ ಬೀಗದ ಕೈ ಆ ಕೈಯಲ್ಲಿತ್ತು. ಅವರು ಅದನ್ನು ಜೇಬಿಗೆ ಹಾಕುವುದನ್ನು ನಾನು ನೋಡಿದ್ದೆ. ಎರಡು ಹೆಜ್ಜೆ ಇಟ್ಟು ತೆಗೆದುಬಿಡಬಹುದಿತ್ತು. ಮನೆ ಮಾಲೀಕರು, ಪೊಲೀಸು, ಟ್ರಸ್ಟು, ಎಲ್ಲ ಅವರ ತಲೆಯಲ್ಲಿ ಓಡುತ್ತಿರಬೇಕು. ಮುಷ್ಟಿ ಬಿಗಿದದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು.

"ನಾವು ಇವತ್ತು ಇನ್ನೂ ದುಂಡಗೆ ಕೂತಿಲ್ಲ," ಎಂದರು ಸಾರ್. ತಮ್ಮನಿಗೆ ಅರ್ಥವಾಗಲಿಲ್ಲ, ಹುಬ್ಬು ಗಂಟಿಕ್ಕಿದ. "ಅಂದ್ರೆ, ಬೀಗದ ಕೈ ಇನ್ನೂ ನಿಮ್ಮ ಅಕ್ಕನದೇ. ಗೇಟು ತೆಗೆಯೋದು ಅವರ ಕೆಲಸ. ಅವರನ್ನ ಕೇಳಿ."

ಎಲ್ಲರೂ ಅಕ್ಕನ ಕಡೆ ನೋಡಿದೆವು. ಅಕ್ಕ ಸೊಪ್ಪನ್ನು ಮೇಷ್ಟ್ರ ಕೈಗೆ ಕೊಟ್ಟು ಎದ್ದರು. ಜೊತೆಗೆ ಹೋಗಲೇ ಎಂದು ನಾನು ಎದ್ದೆ, ಬೇಡ ಎಂದು ಕೈ ಮಾಡಿದರು. ಗೇಟಿನ ಹತ್ತಿರ ಹೋಗಿ ಸೆರಗಿನ ಗಂಟು ಬಿಚ್ಚಿದರು, ಹಳೇ ಬೀಗದ ಕೈ ತೆಗೆದರು. ಬೀಗ ತೆಗೆದು, ಸರಪಳಿ ಬಿಡಿಸಿ, ಗೇಟನ್ನು ಪೂರ್ತಿ ಅಗಲಕ್ಕೆ ತಳ್ಳಿದರು. ಅಕ್ಕ ಹೊರಗೆ ಕಾಲಿಡಲಿಲ್ಲ.

"ಬಾ ಒಳಗೆ," ಎಂದರು ತಮ್ಮನಿಗೆ. "ಇಷ್ಟು ದೂರ ಬಂದಿದ್ದೀಯಾ, ಕಾಫಿ ಕುಡಿ. ಆಮೇಲೆ ನೀನು ಹೊರಡು. ಗೇಟು ನಾನು ಹಾಕ್ಕೋತೀನಿ."

ತಮ್ಮ ಒಮ್ಮೆ ಕಾರಿನ ಕಡೆ ತಿರುಗಿ ನೋಡಿದ. ಆಮೇಲೆ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದ. ಅಡುಗೆ ಆಂಟಿ ಹಾಲು ಕಾಯಿಸಲು ಇಟ್ಟರು. ಸಾರ್ ಜೇಬಿನಿಂದ ಕೈ ತೆಗೆದಾಗ ಅಂಗೈ ತುಂಬ ಬೀಗದ ಕೈಯ ಹಲ್ಲಿನ ಗುರುತು ಮೂಡಿತ್ತು.